ವೇಷ ಅರ್ಧ ಆಗುವಾಗಲೇ ಚೆಂಡೆ ಶುರುವಾಗುವ ಕನಸು: ಇದಕ್ಕೆ ಅರ್ಥ ಏನು?

ಪುತ್ತೂರಿನವಳು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಬ್ಯಾಂಕ್ ಕೆಲಸ, ರಜೆ ಸಿಕ್ಕಿದಾಗ ತೆಂಕುತಿಟ್ಟು ಶೈಲಿಯ ಯಕ್ಷಗಾನದ ಹವ್ಯಾಸಿ ತಂಡದಲ್ಲಿ ವೇಷ ಮಾಡುತ್ತೇನೆ. ಇಷ್ಟು ವರ್ಷ ಸ್ತ್ರೀವೇಷ ಮಾತ್ರ. ಮುಂದಿನ ತಿಂಗಳು ಮೊದಲ ಸಲ ಪುಂಡುವೇಷ, ಅಂದರೆ ಎಳೆಯ ವೀರನ ಪಾತ್ರ: ಅಭಿಮನ್ಯು.

ಈಗ ಮತ್ತೆ ಮತ್ತೆ ಒಂದೇ ಕನಸು. ವೇಷ ಕಟ್ಟುವ ಚೌಕಿಯಲ್ಲಿ ಕೂತಿದ್ದೇನೆ. ಒಂದು ಕೆನ್ನೆಗೆ ಬಣ್ಣ ಆಗಿದೆ, ಇನ್ನೊಂದಕ್ಕೆ ಎಷ್ಟು ಹಚ್ಚಿದರೂ ನಿಲ್ಲುವುದಿಲ್ಲ, ಜಾರಿ ಕುತ್ತಿಗೆಗೆ ಇಳಿಯುತ್ತದೆ. ಹೊರಗೆ ಚೆಂಡೆ ಶುರು. ಹಾಡುವ ಭಾಗವತರು ನನ್ನ ಪದ (ಹಾಡು) ಎತ್ತಿಯಾಗಿದೆ. ಎದ್ದು ನೋಡಿದರೆ ಸೊಂಟದ ಕೆಳಗೆ ಆಫೀಸಿನ ಚೂಡಿದಾರ, ಕಾಲಲ್ಲಿ ಗೆಜ್ಜೆ ಇಲ್ಲ. ಹೇಗೋ ರಂಗಸ್ಥಳಕ್ಕೆ ಹೋಗುತ್ತೇನೆ. ಪದಕ್ಕೆ ಕುಣಿಯುತ್ತೇನೆ, ಅರ್ಥವೂ, ಅಂದರೆ ಪದ ಆದ ಮೇಲೆ ಆಡುವ ಮಾತೂ, ಸರಿಯಾಗಿ ಬಾಯಿಗೆ ಬರುತ್ತದೆ. ಆದರೆ ಯಾರೂ ಮಾತು ಕೇಳುತ್ತಿಲ್ಲ, ಎಲ್ಲರೂ ನನ್ನ ಹೊಟ್ಟೆ, ತೋಳು ನೋಡುತ್ತಿದ್ದಾರೆ. ಅಲ್ಲಿಗೆ ಎಚ್ಚರ, ಎದೆ ಡವಡವ.

ಅಭ್ಯಾಸದ ವಿಡಿಯೋ ಒಂದನ್ನು ತಂಡದ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅದರ ಕೆಳಗೆ ಒಬ್ಬರು "ಅಭಿಮನ್ಯುವಿಗೆ ಹದಿನಾರು ವರ್ಷ ಅಲ್ವಾ?" ಅಂತ ಬರೆದರು. ಅಷ್ಟೇ. ಅವತ್ತಿನಿಂದ ಆ ವಿಡಿಯೋ ನೋಡದೆ ಮಲಗಿದ ರಾತ್ರಿ ಇಲ್ಲ.

ಇದು ಕೆಟ್ಟದಾಗುವ ಸೂಚನೆಯಾ? ವೇಷ ಬೇರೆಯವರಿಗೆ ಬಿಟ್ಟುಕೊಡಲಾ?

ಸುಳ್ಯದ ಚಿಕ್ಕಮ್ಮ:
ಬಿಟ್ಟುಕೊಡಬೇಡ ಮಾರಾಯ್ತಿ! ನಮ್ಮಲ್ಲಿ ಕೆಟ್ಟ ಕನಸು ಬಿದ್ದರೆ ಗಜೇಂದ್ರ ಮೋಕ್ಷ ಓದಿಸುತ್ತಿದ್ದರು. ದುಃಸ್ವಪ್ನ ಕಳೆಯುತ್ತದೆ ಅಂತ ಭಾಗವತದಲ್ಲೇ ಉಂಟು. ಮಲಗುವ ಮೊದಲು ಅದನ್ನು ಓದು. ಫೋನನ್ನು ಬೇರೆ ಕೋಣೆಯಲ್ಲಿಡು.

ಹಳೇ ವೇಷಧಾರಿ:
ತಂಗಿ, ಮೇಳದ ತಿರುಗಾಟದಲ್ಲಿದ್ದಾಗ ನಮಗೆ ಚಹಾದ ಹೊತ್ತಿಗೆ ಇದೇ ಮಾತು. ಒಬ್ಬರಿಗೆ ಕನಸಿನಲ್ಲಿ ಕಿರೀಟ ಸಿಗುವುದಿಲ್ಲ. ಇನ್ನೊಬ್ಬರು ಕರ್ಣನಾಗಿ ಹೋದರೆ ಅಲ್ಲಿ ರಾಮಾಯಣದ ಪ್ರಸಂಗ ನಡೆಯುತ್ತಿರುತ್ತದೆ. ಎದುರು ವೇಷದವರು ಕೇಳಿದ ಪ್ರಶ್ನೆಗೆ ಬಾಯಿ ಕಟ್ಟುವುದಂತೂ ಎಲ್ಲರಿಗೂ. ಮೇಳ ಬಿಟ್ಟ ಮೇಲೂ ನನಗೆ ಬೀಳುತ್ತದೆ.

ಇಂಥ ಕನಸಿನಲ್ಲಿ ನಾನು ನೋಡುವುದು ಇಷ್ಟೇ: ಏನು ಕೆಟ್ಟಿತು, ಏನು ಕೆಡಲಿಲ್ಲ? ನಿಮಗೆ ಪದ ತಪ್ಪಿಲ್ಲ, ಅರ್ಥ ಮರೆತಿಲ್ಲ. ಕಲಿತದ್ದರ ಬಗ್ಗೆ ನಿಮಗೆ ಒಳಗೊಳಗೂ ಅನುಮಾನ ಇದ್ದಂತಿಲ್ಲ. ನಿಲ್ಲದೆ ಹೋದದ್ದು ಬಣ್ಣ, ಉಳಿದುಬಿಟ್ಟದ್ದು ಚೂಡಿದಾರ. ಪಾತ್ರ ಕಾಣಬೇಕಾದಲ್ಲಿ ನಾನೇ ಕಂಡುಬಿಟ್ಟರೆ ಅನ್ನುವ ಹೆದರಿಕೆ ಇದು. ಹಾಗಾಗಿ ಇನ್ನೂ ನಾಲ್ಕು ಗಂಟೆ ಹೆಚ್ಚು ಕುಣಿದರೆ ಹೋಗುವುದಲ್ಲ.

ಅಭ್ಯಾಸದ ವಿಡಿಯೋದಲ್ಲಿರುವುದು ಟೀ ಶರ್ಟು ಹಾಕಿದ ಮೈ. ಪುಂಡುವೇಷದ ಪೂರ್ತಿ ಕಟ್ಟು ಆದ ಮೇಲಿನ ಮೈಯನ್ನು ನೀವು ಇನ್ನೂ ನೋಡಿಯೇ ಇಲ್ಲವಲ್ಲ. ಎದೆ, ಭುಜ, ಸೊಂಟ ಎಲ್ಲ ಬಿಗಿದು ಕಟ್ಟಿದಾಗ ಕಡ್ಡಿಯಂತಹ ಹುಡುಗನೂ ತುಂಬಿಕೊಂಡು ಕಾಣುತ್ತಾನೆ, ಹಾಗೆ ಕಾಣಲೇಬೇಕು. ಅಭಿಮನ್ಯುವಿನ ಪ್ರಾಯ ಇರುವುದು ಕಾಲಲ್ಲಿ, ಹಾರಿ ಸುತ್ತುವ ದಿಗಿಣದಲ್ಲಿ, ಪದ ಮುಗಿದ ಕೂಡಲೇ ಮಾತು ಎತ್ತುವ ಚುರುಕಿನಲ್ಲಿ. ಗುರುಗಳಿಗೆ ಹೇಳಿ ಆಟಕ್ಕೆ ಮೊದಲೇ ಒಂದು ದಿನ ಬಣ್ಣದಿಂದ ಗೆಜ್ಜೆಯವರೆಗೆ ಪೂರ್ತಿ ವೇಷ ಕಟ್ಟಿಸಿ. ದೊಡ್ಡ ಕನ್ನಡಿ ಎದುರು ಒಂದು ಪದಕ್ಕೆ ಕುಣಿಯಿರಿ. ಆ ಕಮೆಂಟಿಗೆ ಉತ್ತರ ಕೊಡುವ ಅಗತ್ಯ ಇಲ್ಲ.

ಮನಃಶಾಸ್ತ್ರದ ಮೇಡಂ:
ಸೂಚನೆ ಗೀಚನೆ ಏನೂ ಅಲ್ಲ, ಧೈರ್ಯವಾಗಿರಿ. ಪ್ಯಾರಿಸ್‌ನಲ್ಲಿ ಇಸಾಬೆಲ್ ಆರ್ನುಲ್ಫ್ ಅವರ ತಂಡ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದ 719 ವಿದ್ಯಾರ್ಥಿಗಳ ಕನಸು ವಿಚಾರಿಸಿ 2014ರಲ್ಲಿ ಪ್ರಕಟಿಸಿತು. ನೂರಕ್ಕೆ ಸುಮಾರು 60 ಮಂದಿಗೆ ಹಿಂದಿನ ರಾತ್ರಿಯೇ ಪರೀಕ್ಷೆಯ ಕನಸು ಬಿದ್ದಿತ್ತು. ಹೆಚ್ಚಿನವು ತಡವಾಯಿತು, ಉತ್ತರ ಮರೆಯಿತು ಅನ್ನುವಂಥವೇ. ಆದರೆ ಕನಸು ಬಿದ್ದವರ ಅಂಕಗಳೇ ಬೀಳದವರಿಗಿಂತ ಚೆನ್ನಾಗಿದ್ದವು! ಫ್ರಾಯ್ಡ್ ಕೂಡ ತನ್ನ ಬಗ್ಗೆ ಬರೆದಿದ್ದಾನೆ: ಪಾಸಾದ ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಪರೀಕ್ಷೆಗಳೇ ಕನಸಿಗೆ ಬರುತ್ತಿದ್ದವು, ಫೇಲಾದ ನ್ಯಾಯವೈದ್ಯಶಾಸ್ತ್ರ ಬರುತ್ತಿರಲಿಲ್ಲ.

ಮರುಕಳಿಸುವ ಕೆಟ್ಟ ಕನಸಿಗೆ ಚಿಕಿತ್ಸೆಯಲ್ಲಿ ಬಳಸುವ ಒಂದು ಕ್ರಮ ಇದೆ. ಹಗಲು ಹೊತ್ತಿನಲ್ಲಿ ಕನಸನ್ನು ಬರೆಯಿರಿ, ನಿಮಗೆ ಬೇಕಾದ ಕಡೆ ಕಥೆ ಬದಲಿಸಿ, ಬದಲಾದ ಕಥೆಯನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ನೋಡಿ. ನಿಮ್ಮದರಲ್ಲಿ ಬಣ್ಣ ಜಾರುವಲ್ಲಿಂದ ಬದಲಿಸಬಹುದು. ನಿದ್ದೆಯೇ ಕೆಟ್ಟು ಹೋಗುತ್ತಿದ್ದರೆ, ಊಟ ಬಿಡುವಷ್ಟು ಮೈ ಬಗ್ಗೆ ಬೇಸರ ಬಂದಿದ್ದರೆ ದಯವಿಟ್ಟು ಆಪ್ತಸಮಾಲೋಚಕರ ಹತ್ತಿರ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಪುತ್ತೂರಿನವಳು:
ಊಟ ಬಿಟ್ಟಿಲ್ಲ ಮೇಡಂ, ರಾತ್ರಿ ಚಪಾತಿ ಮಾತ್ರ ಕಮ್ಮಿ ಮಾಡಿದ್ದೆ. ಇನ್ನು ಹಾಗೆ ಮಾಡುವುದಿಲ್ಲ. ಪದ ತಪ್ಪಿಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ ಅಣ್ಣ, ಓದಿ ಕಣ್ಣು ತುಂಬಿತು. ಗುರುಗಳಿಗೆ ಫೋನ್ ಮಾಡಿದೆ. ಬರುವ ಆದಿತ್ಯವಾರ ವೇಷಭೂಷಣ ತರಿಸುತ್ತಾರಂತೆ, ಪೂರ್ತಿ ಕಟ್ಟುವುದು. ವಿಡಿಯೋ ಅಳಿಸಿದ್ದೇನೆ. ಚಿಕ್ಕಮ್ಮ, ಫೋನಿಗೆ ಅಡುಗೆಮನೆಯಲ್ಲಿ ಜಾಗ ಮಾಡಿದೆ. ಕನಸನ್ನು ನಾಳೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೂತು ಬರೆಯುತ್ತೇನೆ.

ಅಣ್ಣ, ಇನ್ನೊಂದು ಕೇಳುವುದಿತ್ತು. ದಿಗಿಣ ಮುಗಿಸಿ ಕೂಡಲೇ ಅರ್ಥ ಹೇಳುವಾಗ ಏದುಸಿರು ಮೈಕಿಗೆ ಕೇಳದ ಹಾಗೆ ನೀವೆಲ್ಲ ಏನು ಮಾಡುತ್ತಿದ್ದಿರಿ?