ಪುಟ್ಟನ ಶುಗರ್ ವಿಷಯಕ್ಕೆ ದೊಡ್ಡಮ್ಮನ ಮಾತು

ತಂಗಿ, ನಿನ್ನ ಮೆಸೇಜ್ ನೋಡಿದೆ. ಪುಟ್ಟನಿಗೆ ಊಟ ಆದ ಮೇಲೆ ಶುಗರ್ 246 ಬಂದಿದೆ, ದಾವಣಗೆರೆ ರೂಮಿನಲ್ಲಿ ಗ್ಯಾಸ್ ಇಲ್ಲ, ಒಂದು ಕೆಟಲ್ ಬಿಟ್ಟರೆ ಏನೂ ಇಲ್ಲ, ಹುಡುಗ ಏನು ತಿನ್ನಬೇಕು ಅಂತ ಕೇಳಿದ್ದೀಯ. ಇಷ್ಟೆಲ್ಲ ಟೈಪ್ ಮಾಡೋಕೆ ನನ್ನ ಕೈಲಿ ಆಗುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಪುಟ್ಟ, ನೀನೂ ಕೇಳು. ಅರ್ಧಕ್ಕೆ ಬಿಡಬೇಡ.

ನಮ್ಮ ಮನೆಗೆ ಇದು ಹೊಸದಲ್ಲ. ಅಪ್ಪನಿಗೆ ಇತ್ತು, ಅಣ್ಣನಿಗೆ ಇದೆ, ನನಗೂ ಇದೆ. ಅಪ್ಪನ ಕಾಲು ಏನಾಯಿತು ಅಂತ ಎಲ್ಲರಿಗೂ ಗೊತ್ತು, ಮತ್ತೆ ಹೇಳುವುದಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಒಂದು ಮಾತು. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡಬೇಡ. ಶುಗರ್ ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಕಡಿಮೆ ಆದರೆ ಏನಾಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

2011ರಲ್ಲಿ ನನಗೆ ದಾವಣಗೆರೆಗೆ ಟ್ರಾನ್ಸ್‌ಫರ್ ಆಗಿತ್ತಲ್ಲ, ಆಗಿನ ಮಾತು. ವಿದ್ಯಾನಗರದ ಹತ್ತಿರ ಮಹಡಿ ಮೇಲೆ ಒಂದು ರೂಮು. ಒಲೆ ಹಚ್ಚಬಾರದು ಅಂತ ಓನರ್ ಮೊದಲೇ ಹೇಳಿದ್ದರು. ನನಗೂ ಇದ್ದದ್ದು ಒಂದು ಕೆಟಲ್, ಒಂದು ತಟ್ಟೆ, ಎರಡು ಲೋಟ. ಡಾಕ್ಟರು ಗ್ಲಿಮೆಪಿರೈಡ್ ಅಂತ ಶುಗರ್ ಇಳಿಸುವ ಮಾತ್ರೆ ಕೊಟ್ಟಿದ್ದರು, ಬೆಳಿಗ್ಗೆ ತಿಂಡಿಗೆ. ಏಪ್ರಿಲ್ ತಿಂಗಳು, ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಕೆಲಸ. ಏಳೂವರೆಗೆ ಮಾತ್ರೆ ನುಂಗಿದೆ. ಹೋಟೆಲಿನಲ್ಲಿ ನೋಡಿದರೆ ರಶ್. ಅಲ್ಲೇ ಕ್ಯಾಂಟೀನಿನಲ್ಲಿ ತಿಂದರಾಯಿತು ಅಂತ ಹೊರಟೆ. ಅಲ್ಲಿ ಹೋದರೆ ಬಂಡಲ್ ಕೈಗೆ ಕೊಟ್ಟೇ ಬಿಟ್ಟರು. ಸಕ್ಕರೆ ಇಲ್ಲದ ಒಂದು ಟೀ ಕುಡಿದು ಕೂತೆ.

ಹನ್ನೊಂದರ ಹೊತ್ತಿಗೆ ಅಕ್ಷರ ಎರಡೆರಡಾಗಿ ಕಾಣಿಸಿತು. ಬೆನ್ನೆಲ್ಲ ಬೆವತು ಕುಪ್ಪಸ ಅಂಟಿಕೊಂಡಿತು. ಬಿಸಿಲಿಗೆ ಅಂದುಕೊಂಡೆ. 62 ಬರೆಯುವ ಕಡೆ 26 ಬರೆದಿದ್ದೆ. ಪಕ್ಕದ ಹುಡುಗಿ ಟೀಚರು "ಮೇಡಂ, ಟೋಟಲ್ ನೋಡಿ" ಅಂದರೆ ಅವಳ ಮೇಲೆ ರೇಗಿದೆ. ನಾನು ಯಾರ ಮೇಲೂ ರೇಗುವವಳಲ್ಲ, ನಿಮಗೇ ಗೊತ್ತು. ಶುಗರ್ ಇಳಿದಾಗ ಸಿಟ್ಟೂ ಬರುತ್ತದಂತೆ, ಆಮೇಲೆ ಡಾಕ್ಟರು ಹೇಳಿದರು. ಗಾಳಿಗೆ ಅಂತ ಗೇಟಿನ ಹತ್ತಿರ ಬಂದವಳು ಅಲ್ಲೇ ಕುಸಿದು ಕೂತೆ. ಕೈ ಗಡಗಡ. ಹೋಗುವವರು ಯಾರೋ "ಕುಡಿದಿದ್ದಾಳೇನೋ" ಅಂದದ್ದು ಕಿವಿಗೆ ಬಿತ್ತು. ಇವತ್ತಿಗೂ ಮರೆತಿಲ್ಲ. ಕಬ್ಬಿನ ಹಾಲಿನ ಗಾಡಿಯ ಹುಡುಗ ಓಡಿ ಬಂದು ಲೋಟ ಬಾಯಿಗೆ ಹಿಡಿದ. ಅವನ ತಾಯಿಗೂ ಇದೇ ಕಾಯಿಲೆಯಂತೆ, ನೋಡಿದ ತಕ್ಷಣ ಗೊತ್ತಾಗಿದೆ. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. ದುಡ್ಡು ಕೊಡಹೋದರೆ ತಗೊಳ್ಳಲಿಲ್ಲ.

ಅದಕ್ಕೇ ಹೇಳುವುದು ಪುಟ್ಟ, ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡಬೇಡ. ನಾನು ಈಗ ತಿಂಡಿ ತಟ್ಟೆ ಮುಂದೆ ಬಂದ ಮೇಲೇ ಮಾತ್ರೆ ಬಿಚ್ಚುವುದು.

ಅದೇ ಊರಿನಲ್ಲಿ ಅಣ್ಣನ ಮನೆ ಇತ್ತು. ಆಟೋದಲ್ಲಿ ಹತ್ತು ನಿಮಿಷದ ದಾರಿ. ಎರಡು ವರ್ಷ ಆ ರೂಮಿನಲ್ಲಿದ್ದೆ, ಒಂದು ದಿನ ಒಂದು ರೊಟ್ಟಿ ಬುತ್ತಿ ಬರಲಿಲ್ಲ. ಅತ್ತಿಗೆ ಈ ಗ್ರೂಪಿನಲ್ಲೇ ಇದ್ದಾರೆ, ಕೇಳಲಿ. ಯುಗಾದಿಗೆ ಕರೆದರು, ಇಲ್ಲ ಅನ್ನುವುದಿಲ್ಲ. ಹೋಳಿಗೆ ಮೇಲೆ ಹೋಳಿಗೆ ಬಡಿಸಿ, ತುಪ್ಪ ಸುರಿದು, "ಒಂದು ದಿನಕ್ಕೆ ಏನಾಗಲ್ಲ" ಅಂದರು. ಬೇಡ ಅಂದದ್ದಕ್ಕೆ ಮುಖ ಊದಿಸಿದರು. ನನಗೆ ಹೋಳಿಗೆ ಬೇಕಿರಲಿಲ್ಲ. ವಾರಕ್ಕೊಂದು ಸಲ ಒಂದು ಡಬ್ಬಿ ಪಲ್ಯ ಸಾಕಿತ್ತು. ಕೇಳೋಕೆ ಬಾಯಿ ಬರಲಿಲ್ಲ, ಅವರಿಗೂ ತಿಳಿಯಲಿಲ್ಲ. ಆಗ ಎಷ್ಟೋ ರಾತ್ರಿ ಮಂಡಕ್ಕಿ ತಿಂದು ಮಲಗಿದ್ದೇನೆ.

ಅಯ್ಯೋ, ನೀನು ಕೇಳಿದ್ದು ಕೆಟಲ್ ವಿಷಯ ಅಲ್ವಾ ತಂಗಿ. ಹೇಳುತ್ತೇನೆ.

ಮಂಡಕ್ಕಿಯಿಂದಲೇ ಶುರು ಮಾಡುತ್ತೇನೆ. ದಾವಣಗೆರೆಯಲ್ಲಿ ಎಲ್ಲಿ ನಿಂತರೂ ಅದೇ. ಹಗುರ ಅಂತ ತಿನ್ನುತ್ತಾರೆ, ಅದು ಅಕ್ಕಿಯೇ ತಾನೇ, ಶುಗರ್ ಬೇಗ ಏರಿಸುತ್ತದೆ. ಮಿರ್ಚಿ ಜೊತೆ ಅದೇ ಊಟ ಆಗಬಾರದು. ರಾಗಿ ಅಂದ ಮಾತ್ರಕ್ಕೆ ಲೋಟಗಟ್ಟಲೆ ಗಂಜಿ ಕುಡಿಯುವುದೂ ಬೇಡ, ತೆಳ್ಳಗಿನ ಗಂಜಿ ಬೇಗ ರಕ್ತಕ್ಕೆ ಸೇರುತ್ತದೆ. ಬೆಣ್ಣೆ ದೋಸೆ ಯಾವತ್ತೋ ಒಂದು ತಿನ್ನು, ದಿನಾ ಬೇಡ.

ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡು, ಮಾರನೇ ದಿನಕ್ಕೆ ಮೊಳಕೆ ಬಂದಿರುತ್ತದೆ. ಹಸಿ ತಿನ್ನಬೇಡ. ಕೆಟಲ್‌ನಲ್ಲಿ ಕುದಿಸಿದ ನೀರು ಸುರಿದು ಹತ್ತು ನಿಮಿಷ ಮುಚ್ಚಿಡು. ಸೌತೆಕಾಯಿ, ಈರುಳ್ಳಿ, ನಿಂಬೆಹುಳಿ ಹಾಕಿದರೆ ಅದೇ ಒಂದು ಹೊತ್ತಿಗೆ ಆಗುತ್ತದೆ. ಕೆಟಲ್ ಒಳಗೇ ಬೇಳೆ ಹಾಕಬೇಡ, ಉಕ್ಕಿ ಕೆಡುತ್ತದೆ, ನಾನು ಒಂದು ಕೆಟಲ್ ಹಾಗೇ ಕಳೆದುಕೊಂಡೆ. ಕಟಕ್ ಜೋಳದ ರೊಟ್ಟಿ ಫ್ರಿಜ್ ಇಲ್ಲದೆ ವಾರಗಟ್ಟಲೆ ಇರುತ್ತದೆ. ಎರಡು ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಒಂದು ಕಪ್ ಮೊಸರು, ಮೂಲಂಗಿಯೋ ಮೆಂತ್ಯ ಸೊಪ್ಪೋ. ಮೆಸ್ಸಿನಲ್ಲಿ ಉಂಡರೆ ಅನ್ನ ಅರ್ಧ ಮಾಡು, ಪಲ್ಯ ಎರಡು ಸಲ ಕೇಳು. ಸುಮ್ನೆ ಸಂಕೋಚ ಬೇಡ. ಸಂಜೆ ಹಸಿವಿಗೆ ಹುರಿಗಡಲೆ ಇಲ್ಲ ಒಂದು ಸೀಬೆಹಣ್ಣು.

ಜೇಬಿನಲ್ಲಿ ಒಂದು ಪೊಟ್ಟಣ ಸಕ್ಕರೆ ಇರಲಿ. ಬೆವರು, ನಡುಕ ಬಂದು ಶುಗರ್ ನೋಡುವ ಮಷಿನ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿ. 15 ನಿಮಿಷ ಬಿಟ್ಟು ಮತ್ತೆ ನೋಡು. ಏರದಿದ್ದರೆ ಇನ್ನೊಮ್ಮೆ ಕುಡಿ, ಏರಿದ ಮೇಲೆ ರೊಟ್ಟಿ ತಿನ್ನು. ಮಷಿನ್ ಹತ್ತಿರ ಇಲ್ಲದಿದ್ದರೆ ಕಾಯಬೇಡ, ಸಕ್ಕರೆ ಕುಡಿದುಬಿಡು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತ ರೂಮಿನ ಹುಡುಗನಿಗೂ ಹೇಳಿಡು.

ಮಾತ್ರೆ ಹಾಳೆಯ ಫೋಟೋ ಹಾಕು. ಮೆಟ್‌ಫಾರ್ಮಿನ್ ಅನ್ನುವ ಮಾತ್ರೆ ಒಂದೇ ಆದರೆ ಶುಗರ್ ತೀರಾ ಇಳಿಯುವ ಭಯ ಇಷ್ಟು ಇಲ್ಲ, ಅದನ್ನು ಊಟದ ಜೊತೆ ತಗೋ. ಬೇರೆ ಇದ್ದರೆ ಊಟ ತಪ್ಪಿದ ದಿನ ಏನು ಮಾಡಬೇಕು ಅಂತ ನಿನ್ನ ಡಾಕ್ಟರನ್ನೇ ಕೇಳು.

ಶನಿವಾರ ಬೆಳಿಗ್ಗೆ ದುರ್ಗದಿಂದ ಬಸ್ಸಿಗೆ ನಾನೇ ಬರುತ್ತೇನೆ. ನಲವತ್ತು ರೊಟ್ಟಿ, ಎರಡು ಥರ ಚಟ್ನಿಪುಡಿ ತರುತ್ತೇನೆ. ರೂಮಿನಲ್ಲಿ ಇಲಿ ಕಾಟ ಇದ್ದರೆ ಈಗಲೇ ಹೇಳು, ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಬರುತ್ತೇನೆ.