ಅಪ್‌ಡೇಟ್: ಕಲಬುರಗಿಯ ಬಿಸಿಲಿಗೆ ಕೊನೆಗೂ ಕೊಂಡ ಹೆಲ್ಮೆಟ್

ಕಲಬುರಗಿಯ 42 ಡಿಗ್ರಿ ಬಿಸಿಲಿನಲ್ಲಿ ನಿತ್ಯ ಸ್ಕೂಟರ್ ಓಡಿಸುವವಳಿಗೆ ಅರ್ಧ ಹೆಲ್ಮೆಟ್ ಸಾಕೇ ಎಂದು ಏಪ್ರಿಲ್‌ನಲ್ಲಿ ಕೇಳಿದ್ದೆ. ಗದ್ದವನ್ನೂ ಮುಚ್ಚುವಂಥದ್ದನ್ನೇ ಕೊಳ್ಳಿ ಎಂಬ ನಿಮ್ಮ ಮಾತಿಗೆ ಒಪ್ಪಿ, ದ್ವಿಚಕ್ರ ಸವಾರರ ಹೆಲ್ಮೆಟ್‌ಗಳಿಗಿರುವ ಭಾರತೀಯ ಮಾನದಂಡವಾದ ಐಎಸ್ 4151 ಎಂದು ನಮೂದಿಸಿದ ಐಎಸ್‌ಐ ಗುರುತಿರುವ ಬಿಳಿಯ ಪೂರ್ಣ ಹೆಲ್ಮೆಟ್ ಕೊಂಡೆ. ಗಾಳಿಕಿಂಡಿಗಳು ಹೊರಗೆ ಕಂಡರಷ್ಟೇ ಸಾಲದು, ಒಳಗಿನ ಥರ್ಮಾಕೋಲ್ ಪದರದಲ್ಲೂ ಗಾಳಿಗೆ ದಾರಿಯಿರಬೇಕೆಂಬುದು ಮೆತ್ತೆ ಬಿಚ್ಚಿ ಬೆರಳಾಡಿಸಿದಾಗಲೇ ತಿಳಿಯಿತು. ಅಂಗಡಿಯವರು ಮೊದಲು ತೋರಿಸಿದ್ದರಲ್ಲಿ ಕಿಂಡಿಗಳು ಬರೀ ಅಲಂಕಾರಕ್ಕಿದ್ದವು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಸೆಕೆ ತಪ್ಪದು, ಆಗ ಗಾಜನ್ನು ತುಸು ಎತ್ತಿಕೊಳ್ಳುತ್ತೇನೆ. ಒಳಗೆ ತೆಳುವಾದ ಹತ್ತಿಯ ಟೋಪಿ ಧರಿಸಿ, ಮೆತ್ತೆಗಳನ್ನು ವಾರಕ್ಕೊಮ್ಮೆ ತೊಳೆಯುವುದರಿಂದ ಬೆವರಿನ ನಾತವೂ ಇಲ್ಲ. ಕೆನ್ನೆಗೆ ಮೊದಲ ವಾರ ಬಿಗಿಯೆನಿಸಿದ್ದು ಈಗ ಸರಿಹೋಗಿದೆ. ಬಿಸಿಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಕನ್ನಡಿಗೆ ಹೆಲ್ಮೆಟ್ಟನ್ನು ತೂಗುಹಾಕುವ ಅಭ್ಯಾಸವನ್ನೂ ಬಿಟ್ಟಿದ್ದೇನೆ.