ಟರ್ಕಿಯ ಹುಳಿ ಚೆರ್ರಿ ಮೌಲ್ಯದ ಲೆಕ್ಕ: ಒಂದೇ ಬೆಳೆ, ನಾಲ್ಕು ಗ್ರಾಫು, ಯಾವುದು ಹಿಡಿಯೋದು?

ಶಂಕರಘಟ್ಟ_ಎಂಎ:
ಎಲ್ರಿಗೂ ನಮಸ್ಕಾರ. ಎಂಎ ಎಕನಾಮಿಕ್ಸ್ ಪ್ರಾಜೆಕ್ಟಿಗೆ ಟರ್ಕಿಯ ಹುಳಿ ಚೆರ್ರಿ ತಗೊಂಡಿದೀನಿ. ಅಡಿಕೆ ಬಿಟ್ಟು ಅದ್ಯಾಕೆ ಅಂತ ಮನೇಲಿ ಕೇಳ್ತಾರೆ, ಆದ್ರೆ ಅದೂ ಮರದ ಬೆಳೆನೇ, ಹೆಚ್ಚಿನ ಪಾಲು ಜ್ಯೂಸು ಜಾಮು ಮಾಡೋ ಫ್ಯಾಕ್ಟರಿಗೇ ಹೋಗತ್ತೆ, ಹಾಗಾಗಿ ರೇಟು ಬೆಳೆಗಾರನ ಕೈಲಿ ಇರಲ್ಲ, ಅದಕ್ಕೇ ನಂಗೆ ಇಂಟರೆಸ್ಟ್ ಬಂದಿದ್ದು. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಡೇಟಾದಲ್ಲಿ ಒಟ್ಟು ಉತ್ಪಾದನಾ ಮೌಲ್ಯ ಅಂತ ನೋಡಿದ್ರೆ ಒಂದೇ ಬೆಳೆಗೆ ನಾಲ್ಕು ಕಾಲಂ ಇದೆ: ಆಯಾ ವರ್ಷದ ಲಿರಾ (ಟರ್ಕಿಯ ದುಡ್ಡು), ಆಯಾ ವರ್ಷದ ಡಾಲರ್, 2014–2016ರ ಸ್ಥಿರ ಬೆಲೆ, ಆಮೇಲೆ ಅಂತಾರಾಷ್ಟ್ರೀಯ ಡಾಲರ್ ಅಂತ ಇನ್ನೊಂದು. ಲಿರಾದ್ದು ಆಕಾಶಕ್ಕೆ ಹೋಗತ್ತೆ, ಡಾಲರಿಂದು ಏರಿಳಿತ, ಸ್ಥಿರ ಬೆಲೇದು ಬೇರೇನೇ ಕತೆ. ಬೆಳೆಗಾರರ ಸ್ಥಿತಿ ಸುಧಾರಿಸ್ತಾ ಇದ್ಯಾ ಇಲ್ವಾ ಅಂತ ಹೇಳೋಕೆ ಯಾವುದು ಸರಿ? ದಯವಿಟ್ಟು ಗೊತ್ತಿರೋರು ಹೇಳಿ.

ಲೆಕ್ಕದ_ಮಾಸ್ತರು:
ಒಳ್ಳೆ ಪ್ರಶ್ನೆ ತಂಗಿ. ಮೊದಲು ಲಿರಾ ಕಾಲಂ ಬದಿಗಿಡಿ. ಟರ್ಕಿ 2005ರ ಜನವರಿ 1ಕ್ಕೆ ನೋಟಿಂದ ಆರು ಸೊನ್ನೆ ತೆಗೀತು, ಹತ್ತು ಲಕ್ಷ ಹಳೇ ಲಿರಾ ಅಂದ್ರೆ ಒಂದು ಹೊಸ ಲಿರಾ, ಅಂದ್ರೆ ಅದಕ್ಕೆ ಮುಂಚೆ ದುಡ್ಡಿನ ಬೆಲೆ ಎಷ್ಟು ಕರಗಿತ್ತು ಅಂತ ನೀವೇ ಯೋಚ್ನೆ ಮಾಡಿ. 2022ರ ಅಕ್ಟೋಬರಲ್ಲಿ ಮತ್ತೆ ಹಣದುಬ್ಬರ 85 ಪರ್ಸೆಂಟ್ ದಾಟಿತ್ತು. ಅಂಥಾ ಕಡೆ ಚೆರ್ರಿ ಒಂದು ಕೆಜಿ ಜಾಸ್ತಿ ಬೆಳೀದೇ ಇದ್ರೂ ಗ್ರಾಫ್ ಮೇಲೆ ಹೋಗೇ ಹೋಗತ್ತೆ. ಡಾಲರಿಗೆ ಬದಲಾಯ್ಸಿದ್ರೆ ಉಲ್ಟಾ ತೊಂದ್ರೆ, ಲಿರಾ ಬಿದ್ದ ವರ್ಷ ಚೆರ್ರಿಯ ಬೆಲೆಯೂ ಬಿದ್ದಂಗೆ ಕಾಣತ್ತೆ, ಊರಲ್ಲಿ ಅದೇ ರೇಟು ಇದ್ರೂ.

ಇನ್ನು ಸ್ಥಿರ ಬೆಲೆ. ಇದನ್ನ ಬಹಳ ಜನ ಆದಾಯ ಅಂತ ಓದ್ತಾರೆ, ಅಲ್ಲ. 2014ರಿಂದ 2016ರ ಸರಾಸರಿ ಬೆಲೆ ಹಿಡ್ಕೊಂಡು ಎಲ್ಲಾ ವರ್ಷದ ಟನ್ನಿಗೂ ಅದೇ ಬೆಲೆ ಹಾಕಿ ಗುಣಿಸಿರ್ತಾರೆ. ಒಂದು ಕೆಲ್ಸ ಮಾಡಿ, ಆ ಮೌಲ್ಯದ ಕಾಲಮ್ಮನ್ನ ಟನ್ ಕಾಲಮ್ಮಿಂದ ಭಾಗಿಸಿ, ಪ್ರತಿ ವರ್ಷಕ್ಕೂ ಹೆಚ್ಚುಕಮ್ಮಿ ಒಂದೇ ಸಂಖ್ಯೆ ಬರತ್ತೆ. ಅಂದ್ರೆ ಒಂದೇ ಬೆಳೆ ನೋಡೋವಾಗ ಅದು ಬರೀ ಟನ್ನಿನ ಗ್ರಾಫು, ದುಡ್ಡಿನ ಬಟ್ಟೆ ಹಾಕ್ಕೊಂಡಿದೆ ಅಷ್ಟೇ. ಅಂತಾರಾಷ್ಟ್ರೀಯ ಡಾಲರಲ್ಲಿ ಟರ್ಕಿ ಚೆರ್ರಿಗೂ ಪೋಲೆಂಡ್ ಚೆರ್ರಿಗೂ ಟನ್ನಿಗೆ ಒಂದೇ ಬೆಲೆ ಹಾಕಿರ್ತಾರೆ, ಬೇರೆ ಬೇರೆ ಬೆಳೆ ಕೂಡ್ಸಿ ದೇಶ ದೇಶ ಹೋಲಿಸೋಕೆ ಅದು ಉಪಯೋಗ, ನಿಮ್ಮ ಪ್ರಶ್ನೆಗೆ ಅಲ್ಲ.

ಹಾರ್ಟಿ_ಸಾಗರ:
ಮಾಸ್ತರ್ ಹೇಳಿದ್ದಕ್ಕೆ ಒಂದು ಉದಾಹರಣೆ ಸೇರಿಸ್ತೀನಿ, ಅಮೆರಿಕದ ಮಿಶಿಗನ್ನದು. ಆ ದೇಶದ ಹುಳಿ ಚೆರ್ರಿಯ ಬಹುಪಾಲು ಅಲ್ಲೇ ಬೆಳೆಯೋದು, ಮೊಂಟ್ಮೊರೆನ್ಸಿ ತಳಿ, ಮೆಷಿನ್ನು ಬಂದು ಕಾಂಡ ಹಿಡಿದು ಗಡಗಡ ಅಲ್ಲಾಡ್ಸತ್ತೆ, ಕೆಳಗೆ ಹಾಸಿದ ಟಾರ್ಪಲ್ ಮೇಲೆ ಹಣ್ಣು ಉದುರತ್ತೆ, ನಮ್ಮ ಅಡಿಕೆ ತರ ಮರ ಹತ್ತಿ ಕೊನೆ ಇಳ್ಸೋ ಕೊನೆಗೌಡ್ರಿಗೆ ಕಾಯೋ ಕೆಲ್ಸನೇ ಇಲ್ಲ. 2012ರ ಮಾರ್ಚಲ್ಲಿ ಬೇಸಿಗೆ ತರ ಬಿಸಿ ಆಗಿ ಮೊಗ್ಗು ಬೇಗ ಬಿಚ್ಚಿತು, ಏಪ್ರಿಲಲ್ಲಿ ಹಿಮ ಬಿದ್ದು ಸುಟ್ಟೋಯ್ತು, ಮಿಶಿಗನ್ನಿನ ಬೆಳೆ 90 ಪರ್ಸೆಂಟ್ ಹೋಯ್ತು. ಪೌಂಡಿಗೆ ರೇಟೇನೋ ಏರಿತು, ಆದ್ರೆ ಮಾರೋಕೆ ಹಣ್ಣೇ ಇಲ್ದೋರಿಗೆ ಅದ್ರಿಂದ ಎಂತ ಲಾಭ? ಅಲ್ಪಸ್ವಲ್ಪ ಉಳಿದೋರಿಗೆ ಮಾತ್ರ ಸಿಕ್ತು. ದೇಶದ ಒಟ್ಟು ಮೌಲ್ಯ ಅಂತ ಒಂದು ಸಂಖ್ಯೆ ನೋಡಿದ್ರೆ ಈ ವ್ಯತ್ಯಾಸ ಕಾಣಲ್ಲ. ಹಾಗಾಗಿ ಟನ್ನು, ರೇಟು ಎರಡನ್ನೂ ಬೇರೆ ಬೇರೆ ಗ್ರಾಫ್ ಹಾಕಿ ಅಂತ ನನ್ನ ಬಲವಾದ ಅಭಿಪ್ರಾಯ.

ತೀರ್ಥಹಳ್ಳಿ_ತೋಟ:
ನಂಗೆ ಚೆರ್ರಿ ಗೊತ್ತಿಲ್ಲ ಆದ್ರೆ ಒಟ್ಟು ಮೌಲ್ಯ ಅನ್ನೋದ್ರ ಬಗ್ಗೆ ಹೇಳ್ಬೇಕು. ನಮ್ಮ ರಾಶಿ ಇಡಿ (ಬೇಯ್ಸಿದ ಕೆಂಪಡಿಕೆಯ ಒಂದು ದರ್ಜೆ) ಕ್ವಿಂಟಾಲಿಗೆ ಇಷ್ಟು ಅಂತ ಪೇಪರಲ್ಲಿ ಬಂದ ತಕ್ಷಣ ಅಡಿಕೆಯವ್ರು ಶ್ರೀಮಂತ್ರು ಅಂತಾರೆ ಮಾರಾಯ್ರೆ, ಮೈಲುತುತ್ತದ ರೇಟು, ಔಷಧಿ ಹೊಡೆಯೋರ ಕೂಲಿ, ಸುಲಿಯೋ ಕೂಲಿ, ಬೇಯ್ಸಿ ಒಣಗ್ಸೋ ಖರ್ಚು ಯಾರೂ ಕಳೆಯಲ್ಲ, ಮಳೆ ಬಿಡ್ದೇ ಹೊಡೆದು ಕೊಳೆ ರೋಗ ಬಂದ ವರ್ಷ ಖರ್ಚು ಡಬಲ್ಲು ಫಸಲು ಅರ್ಧ. ಎಲೆಚುಕ್ಕಿ ರೋಗ ಬಂದ್ಮೇಲಂತೂ ಕೇಳ್ಲೇಬೇಡಿ. ಆ ಟರ್ಕಿಯವ್ರ ಸಂಖ್ಯೇಲೂ ಖರ್ಚು ಕಳೆದಿದಾರಾ ಇಲ್ವಾ?

ಲೆಕ್ಕದ_ಮಾಸ್ತರು:
ಕಳೆದಿಲ್ಲ ಸರ್, ಒಟ್ಟು ಅಂದ್ರೆ ತೋಟದ ಬಾಗಿಲಲ್ಲಿ ಸಿಗೋ ಬೆಲೆ ಗುಣಿಸು ಟನ್ನು, ಅಷ್ಟೇ. ನಿಮ್ಮ ಮಾತು ಅವಳು ಪ್ರಾಜೆಕ್ಟಲ್ಲಿ ಬರೀಲೇಬೇಕು.

ಶಂಕರಘಟ್ಟ_ಎಂಎ:
ಭಾಗಿಸಿ ನೋಡಿದೆ ಸರ್, ನಿಜವಾಗ್ಲೂ ಎಲ್ಲಾ ವರ್ಷಕ್ಕೂ ಅದೇ ಸಂಖ್ಯೆ!! ಹಾಗಾದ್ರೆ ಬೆಳೆಗಾರನಿಗೆ ಸಿಕ್ಕ ಲಿರಾ ಬೆಲೆ ತಗೊಂಡು, ಟರ್ಕಿಯ ಗ್ರಾಹಕ ಬೆಲೆ ಸೂಚ್ಯಂಕದಿಂದ ಹಣದುಬ್ಬರ ತೆಗೆದು, ಆಮೇಲೆ ಟನ್ನಿಂದ ಗುಣಿಸಿದ್ರೆ ಆಗತ್ತಾ? 1961ರಿಂದ ಮಾಡ್ಬೋದಾ?

ಲೆಕ್ಕದ_ಮಾಸ್ತರು:
ಅದೇ ಸರಿಯಾದ ದಾರಿ. ಟನ್ನು 1961ರಿಂದ ಸಿಗತ್ತೆ, ಆದ್ರೆ ಬೆಳೆಗಾರನ ಬೆಲೆ ಎಫ್‌ಎಒದಲ್ಲಿ ಈಗಿನ ಸರಣಿ ಶುರುವಾಗೋದು 1991ರಿಂದ, ಹಾಗಾಗಿ ಅಲ್ಲಿಂದ ಹಿಡೀರಿ. 2005ರ ಹಿಂದಿನ ಬೆಲೆ ಹೊಸ ಲಿರಾಕ್ಕೆ ಬದಲಾಯ್ಸಿದಾರಾ ಅಂತ ಮೊದ್ಲು ಚೆಕ್ ಮಾಡ್ಕೊಳ್ಳಿ. ಖರ್ಚಿನ ಲೆಕ್ಕ ಇದ್ರಲ್ಲಿ ಬರಲ್ಲ, ಅದಕ್ಕೆ ಶೀರ್ಷಿಕೇಲಿ ಆದಾಯ ಅಂತ ಹಾಕ್ಬೇಡಿ, ಹಣದುಬ್ಬರ ತೆಗೆದ ಒಟ್ಟು ಮೌಲ್ಯ ಅಂತ್ಲೇ ಬರೀರಿ.